ಬಲಗಡೆಯ ಎರಡು ಬಟ್ಟು

ನಮ್ಮ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಪರದೆಯ ಮೇಲೆ ಕಾಣದ್ದನ್ನು ಕಂಪ್ಯೂಟರ್ ತೋರಿಸಲೇ ಇಲ್ಲ ಎಂದು ತಿಳಿಯಬೇಡಿ. ಅದು ತನ್ನ ಪಾಲಿಗೆ ಪೂರ್ತಿ ತೋರಿಸಿರುತ್ತದೆ. ಮಾನಿಟರು ಒಂದು ಅಂಚನ್ನು ನುಂಗಿದರೆ ಅದು ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ. ಎದುರಿಗೆ ಕೂತವರಿಗೂ ಎಷ್ಟೋ ಸಲ ಗೊತ್ತಾಗುವುದಿಲ್ಲ, ಯಾಕೆಂದರೆ ಅಲ್ಲಿ ಏನೋ ಇತ್ತು ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಗೊತ್ತಾಗಬೇಕಾದದ್ದು ರಿಪೇರಿಗೆ ಹೋದ ನಿಮಗೆ. ನನಗೆ ಗೊತ್ತಾಗಿತ್ತು. ಗೊತ್ತಿದ್ದೂ ಬಿಟ್ಟು ಬಂದೆ. ಈ ಬರಹದಲ್ಲಿ ಬೇರೆ ಸಂಗತಿಗಳೂ ಬರುತ್ತವೆ, ಆದರೆ ನಾನು ಪೆನ್ನು ಹಿಡಿದದ್ದು ಅದೊಂದಕ್ಕೆ.

ಹುಬ್ಬಳ್ಳಿಯ ಒಂದು ಕಂಪನಿಯ ಪರವಾಗಿ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕಿನ ಕಚೇರಿ, ಶಾಲೆ, ಸೊಸೈಟಿಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಮನೆ ಸವಣೂರು. ಅಜ್ಜ ಪುರಾಣ ಹೇಳುತ್ತಿದ್ದರು, ಅಪ್ಪ ಸಂಸ್ಕೃತದ ಮಾಸ್ತರರು, ನಾನು ಸ್ಕ್ರೂಡ್ರೈವರ್ ಹಿಡಿದವನು. ಕಚೇರಿಗಳಲ್ಲಿ ನನ್ನ ಹೆಸರನ್ನು ಯಾರೂ ಕರೆಯುತ್ತಿರಲಿಲ್ಲ. "ಮಾನಿಟರ್ ಆಚಾರ್ರು ಬಂದ್ರು, ಗಂಟಿ ಬಾರಸ್ರಿ" ಎಂದು ನಗುತ್ತಿದ್ದರು. ನನಗೇನೂ ಬೇಸರವಿರಲಿಲ್ಲ. ಪೂಜೆಗೆ ಬಂದವರಿಗಿಂತ ಬೇಗ ನನಗೆ ಚಹಾ ಬರುತ್ತಿತ್ತು.

ಅಜ್ಜ ಚಿಕ್ಕಂದಿನಲ್ಲಿ ನಮ್ಮನ್ನು ಕೂಡಿಸಿ ಸ್ತೋತ್ರ ಹೇಳಿಸುವಾಗ ಸಾಲಿನ ಕೊನೆಯ ಅಕ್ಷರ ನುಂಗಿದರೆ ತಲೆಯ ಮೇಲೆ ಒಂದು ಮೊಟಕುತ್ತಿದ್ದರು. "ಕಡೀ ಅಕ್ಷರ ನುಂಗಿದ್ರ ಅರ್ಥಾನ ನುಂಗಿದಂಗ" ಎನ್ನುತ್ತಿದ್ದರು. ಆ ಮೊಟಕು ನನಗೆ ಐವತ್ತು ವರ್ಷ ದಾಟಿದ ಮೇಲೆ ಅರ್ಥವಾಯಿತು.

ಮೊದಲು ಒಂದು ಹಗುರ ಸಂಗತಿ. ಹಿರೇಕೆರೂರು ತಾಲೂಕಿನಲ್ಲಿ, ಅಬಲೂರಿನ ಕಡೆಗೆ ಹೋಗುವ ದಾರಿಯ ಒಂದು ಹೈಸ್ಕೂಲಿನಿಂದ ದೂರು ಬಂತು. ಕಂಪ್ಯೂಟರಿನ ಚಿತ್ರ ಕುಗ್ಗುತ್ತದೆ, ಸುತ್ತ ನಾಲ್ಕೂ ಕಡೆ ಕಪ್ಪು ಅಂಚು ಉಳಿಯುತ್ತದೆ ಎಂದು. ಆಗಿನ್ನೂ ಹಿಂದೆ ಗೂನು ಬೆನ್ನಿದ್ದ ದಪ್ಪ ಮಾನಿಟರುಗಳ ಕಾಲ. ನಾನು ಹೋದಾಗ ಚಿತ್ರ ಸರಿಯಾಗಿತ್ತು. ಆದರೂ ಮಾನಿಟರ್ ಬದಲಿಸಿ ಬಂದೆ. ವಾರದಲ್ಲಿ ಮತ್ತೆ ಅದೇ ದೂರು. ಇನ್ನೊಂದು ಮಾನಿಟರ್ ಹೊತ್ತೊಯ್ದೆ. ಮೂರನೆಯ ಸಲ ನಾನು ಎದುರಿಗೆ ಕೂತಿರುವಾಗಲೇ ಚಿತ್ರ ತೊಯ್ದ ಅರಿವೆಯ ಹಾಗೆ ಎಲ್ಲ ಕಡೆಯಿಂದ ಕುಗ್ಗಿತು. ನಾನು ಹಿಂದಿನ ಕವಚ ಬಿಚ್ಚಲು ಹೊರಟೆ. ಬಾಗಿಲಲ್ಲಿ ನಿಂತಿದ್ದ ಶಾಲೆಯ ಜವಾನ ಗುಡ್ಡಪ್ಪ ಮೆಲ್ಲಗೆ ಕೆಮ್ಮಿದ.

"ಸಾಹೇಬ್ರ, ಅದರಾಗೇನೂ ಇಲ್ರಿ. ಹೊರಗ ಕೇಳ್ರಿ."

ಕೇಳಿದೆ. ಶಾಲೆಯ ಹಿಂದಿನ ಹೊಲಗಳಲ್ಲಿ ಪಂಪುಗಳು ಶುರುವಾಗಿದ್ದವು. ತ್ರೀಫೇಸ್ ಕರೆಂಟ್ ಬಂದ ಕೂಡಲೇ ಎಲ್ಲರೂ ಒಟ್ಟಿಗೆ ಮೋಟಾರು ಹಚ್ಚುತ್ತಿದ್ದರು, ಶಾಲೆಗೆ ಬರುವ ವೋಲ್ಟೇಜು ಬೀಳುತ್ತಿತ್ತು, ಚಿತ್ರ ಕುಗ್ಗುತ್ತಿತ್ತು. ಗುಡ್ಡಪ್ಪನಿಗೆ ಇದು ಮೊದಲ ದಿನದಿಂದ ಗೊತ್ತಿತ್ತಂತೆ. "ಮತ್ತ ಯಾಕ ಹೇಳಲಿಲ್ಲೋ ಮಾರಾಯಾ?" ಎಂದರೆ, "ನೀವು ಕೇಳಲಿಲ್ಲಲ್ರಿ" ಎಂದ. ಒಂದು ಸ್ಟೆಬಿಲೈಜರ್ ಕೂಡಿಸಿ ಬಂದೆ. ಸುಮ್ಮನೆ ಎರಡು ಮಾನಿಟರ್ ಹೊತ್ತದ್ದಕ್ಕೆ ನನ್ನ ಬೆನ್ನು ಇವತ್ತಿಗೂ ಲೆಕ್ಕ ಕೇಳುತ್ತದೆ.

ಹಾನಗಲ್ಲ ತಾಲೂಕಿನ ಒಂದು ಕಚೇರಿಯಲ್ಲಿ ನಡೆದದ್ದು ಅಷ್ಟು ಹಗುರದ್ದಲ್ಲ. ಅಲ್ಲಿ ನಿವೃತ್ತಿಗೆ ಹತ್ತಿರವಾದ ಒಬ್ಬ ಅಕ್ಕೋರು ಟೈಪು ಮಾಡುತ್ತಿದ್ದರು. ಹೊಸದಾಗಿ ಬಂದ ಅಧಿಕಾರಿ ಒಂದು ದಿನ ಅವರ ಕುರ್ಚಿಯಲ್ಲಿ ಕೂತು ನೋಡಿದರೆ ಅಕ್ಷರಗಳೆಲ್ಲ ಕುಂಬಳಕಾಯಿಯಷ್ಟು ದೊಡ್ಡವು. ಟೈಪು ಮಾಡುವ ಕಿಟಕಿಯ ಕೆಳಭಾಗ ಪರದೆಯಿಂದ ಹೊರಗೆ ಹೋಗಿತ್ತು. ಬರೆದದ್ದನ್ನು ಉಳಿಸುವ ಗುಂಡಿಯೇ ಕಾಣುತ್ತಿರಲಿಲ್ಲ. ನನ್ನನ್ನು ಕರೆಸಿದರು. ನಾನು ರೆಸೊಲ್ಯೂಶನ್ ಏರಿಸಿದೆ. ಎಲ್ಲವೂ ಪರದೆಯೊಳಗೆ ಚಂದ ಕೂತಿತು. ಸಹಿ ಹಾಕಿಸಿಕೊಂಡು ಬಂದೆ.

ಮೂರು ದಿನದ ಮೇಲೆ ಅಕ್ಕೋರೇ ಫೋನು ಮಾಡಿದರು. "ಆಚಾರ್ರ, ನನ್ನ ಅಕ್ಷರ ನನಗ ವಾಪಸ್ ಕೊಡ್ರಿ" ಎಂದರು. ಹೋಗಿ ಕೂತು ಕೇಳಿದ ಮೇಲೆ ತಿಳಿಯಿತು. ಅವರ ಕಣ್ಣಿಗೆ ಪೊರೆ ಬಂದಿತ್ತು. ಹೇಳಿದರೆ ಎಲ್ಲಿ ಕೆಲಸದಿಂದ ಬಿಡಿಸುತ್ತಾರೋ ಎಂದು ಅಕ್ಷರ ದೊಡ್ಡದು ಮಾಡಿಕೊಂಡು ದಿನ ದೂಡುತ್ತಿದ್ದರು. ಕಾಣದ ಗುಂಡಿಯನ್ನು ಟ್ಯಾಬ್ ಎಷ್ಟು ಸಲ ಒತ್ತಿದರೆ ಮುಟ್ಟುತ್ತೇನೆ ಎಂದು ಎಣಿಸಿ ಬಾಯಿಪಾಠ ಮಾಡಿದ್ದರು. ನಾನು ಒಂದು ನಿಮಿಷದಲ್ಲಿ ಅವರ ಪಾಠವನ್ನೆಲ್ಲ ಅಳಿಸಿ ಬಂದಿದ್ದೆ. ರೆಸೊಲ್ಯೂಶನ್ ಹಾಗೇ ಇಟ್ಟು ಅಕ್ಷರವನ್ನಷ್ಟೇ ದೊಡ್ಡದು ಮಾಡಿಕೊಟ್ಟೆ, ಹುಬ್ಬಳ್ಳಿಯ ಒಬ್ಬ ಕಣ್ಣಿನ ಡಾಕ್ಟರ ವಿಳಾಸವನ್ನೂ ಕೊಟ್ಟೆ. ಪೊರೆ ತೆಗೆಸಿಕೊಂಡು ಬಂದ ಮೇಲೆ ಅವರು ನನ್ನ ಮುಖ ನೋಡಿ, "ಅಯ್ಯ, ನೀವು ಇಷ್ಟು ಕರ್ರಗದೀರೇನು?" ಎಂದು ನಕ್ಕರು. ಪರದೆ ಸರಿಮಾಡುವ ಮೊದಲು ಅದರ ಎದುರು ಕೂಡುವವರನ್ನು ಎರಡು ಮಾತು ಕೇಳಬೇಕು. ಇದನ್ನು ಅವತ್ತು ಕಲಿತೆ ಎಂದುಕೊಂಡೆ. ಕಲಿತಿರಲಿಲ್ಲ.

ನಮ್ಮ ಮೇಲಿನವರು ಕುಲಕರ್ಣಿ ಸಾಹೇಬರು. ಹುಬ್ಬಳ್ಳಿಯಲ್ಲಿ ಕೂಡುತ್ತಿದ್ದರು. ಕೆಟ್ಟವರಲ್ಲ. ನನ್ನ ಹೆಂಡತಿಗೆ ಆಪರೇಶನ್ ಆದಾಗ ಆಸ್ಪತ್ರೆಗೆ ಬಂದು ಎರಡು ತಾಸು ಕೂತಿದ್ದರು. ಆದರೆ ಕೆಲಸದಲ್ಲಿ ಅವರಿಗೆ ಇದ್ದ ಮಾತು ಒಂದೇ, "ಕಾಲ್ ಕ್ಲೋಜ್ ಆತೇನು?" ದೂರು ಬಂದ ದಿನವೇ ಹೋಗಬೇಕು, ಚೀಟಿಯ ಮೇಲೆ ಕಚೇರಿಯವರ ಸಹಿ ಹಾಕಿಸಬೇಕು, ಸಂಜೆಯೊಳಗೆ ಫೋನು ಮಾಡಿ ಹೇಳಬೇಕು. ಚೀಟಿಯ ಮೇಲೆ "ದೋಷ ನಿವಾರಣೆಯಾಗಿದೆ" ಎಂದು ಮೊದಲೇ ಅಚ್ಚಾಗಿರುತ್ತಿತ್ತು. ನಿವಾರಣೆಯಾಗಿಲ್ಲ ಎಂದು ಬರೆಯಲು ಅದರಲ್ಲಿ ಜಾಗವೇ ಇರಲಿಲ್ಲ.

ಇನ್ನು ಮುಂದಿನದನ್ನು ಬರೆಯಲು ಮೂರು ಸಲ ಕೂತು ಎದ್ದಿದ್ದೇನೆ. ಅದು ಜಮೀನಿನ ದಾಖಲೆ ನೋಡುವ ಒಂದು ಕಚೇರಿ. ನಾಲ್ಕು ತಾಲೂಕಿನಲ್ಲಿ ಯಾವುದರಲ್ಲಿತ್ತು ಎಂದು ಹೇಳುವುದಿಲ್ಲ. ತಪ್ಪು ಕಚೇರಿಯದಲ್ಲ, ನನ್ನದು.

ಒಂದು ಮಧ್ಯಾಹ್ನ ಅಲ್ಲಿನ ಕೌಂಟರಿನ ಮಾನಿಟರ್ ಸುಟ್ಟಿತು. ಹೊರಗೆ ಸರದಿ ಬಾಗಿಲು ದಾಟಿತ್ತು. ನನ್ನ ಹತ್ತಿರ ತಾತ್ಕಾಲಿಕವಾಗಿ ಕೂಡಿಸಲು ಒಂದು ಹಳೆಯ ಮಾನಿಟರ್ ಇತ್ತು. ಹಚ್ಚಿದರೆ ಅದರಲ್ಲೊಂದು ದೋಷ. ಚಿತ್ರ ಗಾಜಿಗಿಂತ ಅಗಲವಾಗಿ ಬರುತ್ತಿತ್ತು. ಅಗಲ ಕಡಿಮೆ ಮಾಡುವ ಗುಂಡಿ ಒತ್ತಿದರೆ ಸಂಖ್ಯೆ ಇಳಿಯುತ್ತಿತ್ತು, ಚಿತ್ರ ಮಾತ್ರ ಇಳಿಯುತ್ತಿರಲಿಲ್ಲ. ಎಡಕ್ಕೆ ಸರಿಸಿದರೆ ಎಡ ಅಂಚು ಮಾಯ, ಬಲಕ್ಕೆ ಸರಿಸಿದರೆ ಬಲ ಅಂಚು ಮಾಯ. ಎರಡರಲ್ಲಿ ಒಂದನ್ನು ಬಿಡಬೇಕಿತ್ತು. ಎಡಗಡೆ ಸರ್ವೆ ನಂಬರು, ಹೆಸರು. ಬಲಗಡೆ ಕೊನೆಯಲ್ಲಿ ಷರಾ, ಅಂದರೆ ಟಿಪ್ಪಣಿ ಬರೆಯುವ ಕಾಲಂ. ನಾನು ಬಲಗಡೆಯನ್ನು ಬಿಟ್ಟೆ.

"ಬಲಕ್ಕ ಎರಡ ಬಟ್ಟು ಹೋಗ್ತದ. ನಡೀತದಲ್ಲ?" ಎಂದು ಬೆರಳೆರಡು ಜೋಡಿಸಿ ಆಗಿನ ಆಪರೇಟರಿಗೆ ತೋರಿಸಿದೆ.

"ಷರಾ ಅಷ್ಟ ಅಲ್ರಿ? ನಡೀತೈತಿ. ಮಂದಿ ಚೀರಾಡಾಕತ್ತಾರ, ಮೊದಲ ಚಾಲೂ ಮಾಡ್ರಿ" ಎಂದ ಆತ.

ಎರಡು ದಿನದಲ್ಲಿ ಒಳ್ಳೆಯ ಮಾನಿಟರ್ ತರುತ್ತೇನೆ ಎಂದು ಹೇಳಿ ಸಹಿ ಹಾಕಿಸಿಕೊಂಡೆ. ನಮ್ಮ ಸಾಮಾನು ಹುಬ್ಬಳ್ಳಿಯಿಂದ ಪ್ಯಾಸೆಂಜರ್ ಗಾಡಿಯಲ್ಲಿ ಯಲವಿಗಿಗೆ ಬರುತ್ತಿತ್ತು. ಒಳ್ಳೆಯ ಮಾನಿಟರ್ ಬಂತು ಕೂಡ. ನಾನು ಸ್ಟೇಶನ್ನಿನಲ್ಲಿ ಅದನ್ನು ಇಳಿಸಿಕೊಳ್ಳುತ್ತಿರುವಾಗಲೇ ಸಾಹೇಬರ ಫೋನು ಬಂತು. ಬೇರೆ ಕಡೆ ದೊಡ್ಡ ಅಧಿಕಾರಿಯ ಟೇಬಲ್ಲಿಗೆ ಬೇಕಾಗಿದೆ, ಅಲ್ಲಿಗೆ ಒಯ್ಯಿರಿ ಎಂದರು. ಆ ಕಚೇರಿಯ ಕಾಲ್ ಕ್ಲೋಜ್ ಆಗಿತ್ತಲ್ಲ! ನಾನೂ ಎದುರು ಮಾತಾಡಲಿಲ್ಲ. ಎರಡು ದಿನ ಅಂದದ್ದು ನಾಲ್ಕು ತಿಂಗಳಾಯಿತು. ಕಚೇರಿಯಿಂದ ಮತ್ತೆ ದೂರೂ ಬರಲಿಲ್ಲ. ಇಲ್ಲದ್ದಕ್ಕೆ ಕಣ್ಣು ಬಹಳ ಬೇಗ ಒಗ್ಗಿಕೊಳ್ಳುತ್ತದೆ.

ನೀವು ಇದೇ ಕೆಲಸದವರಾದರೆ ಈಗಾಗಲೇ ಮನಸ್ಸಿನಲ್ಲಿ ನನ್ನನ್ನು ಬೈದಿರುತ್ತೀರಿ. ಮಾನಿಟರ್ ಕೆಟ್ಟಿದ್ದರೆ ಏನಾಯಿತು, ದಾಖಲೆ ತೆರೆಯುವ ಕಿಟಕಿಯ ಅಂಚನ್ನು ಮೌಸಿನಿಂದ ಹಿಡಿದು ಎರಡು ಬಟ್ಟು ಒಳಗೆ ಎಳೆದಿದ್ದರೆ ಸಾಕಿತ್ತು. ಎಲ್ಲವೂ ಕಾಣುತ್ತಿತ್ತು. ಅರ್ಧ ನಿಮಿಷದ ಕೆಲಸ. ಅವತ್ತು ಅದು ಹೊಳೆಯಲಿಲ್ಲ. ಹೊಳೆಯುವವರೆಗೆ ನಾನು ನಿಲ್ಲಲೂ ಇಲ್ಲ.

ವರ್ಷಗಳು ಹೋದವು. ಗೂನು ಬೆನ್ನಿನ ಮಾನಿಟರುಗಳು ಹೋಗಿ ಚಪ್ಪಟೆಯವು ಬಂದವು. ಅವುಗಳಿಗೆ ಒಂದೇ ಗುಂಡಿ, ಒತ್ತಿದರೆ ಚಿತ್ರ ತಾನೇ ಸರಿಯಾಗಿ ಕೂಡುತ್ತದೆ. ಆಮೇಲೆ ಅಗಲ ಪರದೆಗಳು ಬಂದವು. ಅವುಗಳಲ್ಲಿ ಹಳೆಯ ಅಳತೆ ಇಟ್ಟರೆ ಅಕ್ಷರಗಳೆಲ್ಲ ಹಬ್ಬದೂಟ ಉಂಡವರ ಹಾಗೆ ಅಡ್ಡಕ್ಕೆ ಬೆಳೆಯುತ್ತಿದ್ದವು. ಕೆಲವು ಕಡೆ ಟೀವಿಯನ್ನೇ ಮಾನಿಟರ್ ಮಾಡಿಕೊಂಡರು. ಟೀವಿಗೆ ನಾಲ್ಕೂ ಅಂಚನ್ನು ಒಂದಿಷ್ಟು ಕತ್ತರಿಸಿ ತೋರಿಸುವ ಹುಟ್ಟುಗುಣ. ರಿಮೋಟಿನಲ್ಲಿ ಚಿತ್ರದ ಅಳತೆ ಹುಡುಕಿ ಅದನ್ನು ಬಿಡಿಸಬೇಕು. ಈಗಿನವರು ಹುಬ್ಬಳ್ಳಿಯಲ್ಲಿ ಕೂತೇ ದೂರದ ಕಂಪ್ಯೂಟರಿನ ಒಳಗೆ ಹೋಗಿ ರಿಪೇರಿ ಮಾಡುತ್ತಾರೆ. ಒಳ್ಳೆಯದೇ. ಆದರೆ ನೆನಪಿಡಿ, ಹಾಗೆ ಒಳಗಿನಿಂದ ನೋಡಿದರೆ ಚಿತ್ರ ಯಾವಾಗಲೂ ಪೂರ್ತಿಯಾಗಿಯೇ ಕಾಣುತ್ತದೆ. ಅಂಚು ಹೋದದ್ದು ಅಲ್ಲಿ ಕೂತವರಿಗಷ್ಟೇ. ಅವರಿಗೆ ಫೋನು ಮಾಡಿ, "ಬಲಗಡೆ ಕಡೀಕ ಏನೈತಿ ಓದಿ ಹೇಳ್ರಿ" ಎಂದು ಕೇಳಿ.

ಒಂಬತ್ತು ವರ್ಷದ ಮೇಲೆ ನಾನು ಅದೇ ಕಚೇರಿಯಲ್ಲಿ ಹೊಸ ಅಗಲ ಪರದೆ ಕೂಡಿಸುತ್ತಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಪರದೆ ಚಾಲೂ ಮಾಡಿ ಕೊಟ್ಟು, ಟೇಬಲ್ಲಿನ ಕೆಳಗೆ ಕೂತು ವೈರು ಕಟ್ಟುತ್ತಿದ್ದೆ. ಆಪರೇಟರ್ ಬದಲಾಗಿದ್ದರು, ಮಂಜುಳಾ ಎಂಬ ಹುಡುಗಿ ಬಂದಿದ್ದಳು. ಕೌಂಟರಿನ ಆಚೆಯಿಂದ ಒಬ್ಬರ ದನಿ ಕೇಳಿಸಿತು.

"ಯವ್ವಾ, ನಮ್ಮ ಹೊಲ ಇನ್ನೂ ಅಪ್ಪನ ಹೆಸರ್ಲೇನ ಐತಿ. ನಮ್ಮ ತಂಗಿ ತಕರಾರು ಹಾಕ್ಯಾಳ. ಅದು ಹಂಗ ಐತೇನು ನೋಡು."

ಮಂಜುಳಾ ಹುಡುಕಿದಳು. "ಫಕ್ಕೀರಪ್ಪ ಅಂದ್ರ ನೀವ ಏನ್ರಿ ಕಾಕಾ? ತಂಗಿ ಶಾಂತವ್ವ. ತಕರಾರು ಇಲ್ಲ ಅಂತ ಐತಲ್ರಿ?"

"ಇಲ್ಲ ಅಂತ ಐತಿ? ಯಾವಾಗ ತಗದಾಳ?"

"ಅದ ಗೊತ್ತಾಗೂದಿಲ್ರಿ. ತಕರಾರು ಇಲ್ಲ, ಇಷ್ಟ ಐತಿ."

ಅವರು ಉಸಿರು ಬಿಟ್ಟರು. "ಕಡೀಗೆ ಬುದ್ಧಿ ಬಂತು ನೋಡು ಆಕಿಗೆ."

ನಾನು ಏಳುವಾಗ ತಲೆ ಟೇಬಲ್ಲಿಗೆ ಬಡಿಯಿತು. ಎದ್ದು ಪರದೆ ನೋಡಿದೆ. ಬಲಗಡೆ ಕೊನೆಗೆ ಷರಾ ಕಾಲಂ. ಅದರಲ್ಲಿ "ತಕರಾರು", ಅದರ ಮುಂದೆ "ಇಲ್ಲ". ನನ್ನ ಕೈ ತಾನೇ ಹೋಗಿ ಪರದೆಯ ಅಂಚಿನ ಮೇಲೆ ಎರಡು ಬೆರಳು ಅಡ್ಡ ಇಟ್ಟಿತು. "ಇಲ್ಲ" ಮುಚ್ಚಿತು. "ತಕರಾರು" ಉಳಿಯಿತು. ನಮ್ಮ ಮಾತಿನಲ್ಲಿ "ಇಲ್ಲ" ಕೊನೆಗೇ ಬರುತ್ತದೆ. ಹಾಕಿಲ್ಲ, ಬಂದಿಲ್ಲ, ಬೇಕಿಲ್ಲ, ಎಲ್ಲದರ ಬಾಲದಲ್ಲಿ ಅದು. ಕನ್ನಡದ ಸಾಲಿಗೆ ಬಲಗಡೆಯ ಅಂಚು ಕತ್ತರಿಸಿದರೆ ಮೊದಲು ಸಾಯುವುದು ಅದೇ. ಅಜ್ಜ ಮೊಟಕಿದ್ದು ಇದಕ್ಕೇ.

ಫಕ್ಕೀರಪ್ಪನವರನ್ನು ಚಹಾಕ್ಕೆ ಕರೆದುಕೊಂಡು ಹೋದೆ. ಬೆಂಚಿನ ಮೇಲೆ ಕೂತು ಅವರೇ ಎಲ್ಲ ಹೇಳಿದರು. ಅಪ್ಪ ತೀರಿಕೊಂಡ ಮೇಲೆ ಫಕ್ಕೀರಪ್ಪ ವಾರಸಾ ಅರ್ಜಿ ಕೊಟ್ಟಿದ್ದರು, ಹೊಲ ತಮ್ಮ ಹೆಸರಿಗೆ ಆಗಲೆಂದು. ತಂಗಿ ಶಾಂತವ್ವನನ್ನು ಹುಲಗೂರಿಗೆ ಕೊಟ್ಟಿತ್ತು. ಆಕೆಯ ಹೇಳಿಕೆಯೂ ಬೇಕಿತ್ತು. ಕೆಲ ದಿನ ಬಿಟ್ಟು ಕೌಂಟರಿಗೆ ಬಂದು ವಿಚಾರಿಸಿದರೆ ಆಪರೇಟರ್ ಪರದೆ ನೋಡಿ, "ನಿಮ್ಮ ತಂಗೀದು ತಕರಾರು ಐತಿ" ಎಂದ. ದಿನ ಲೆಕ್ಕ ಹಾಕಿದೆ. ನಾನು ಹಳೆಯ ಮಾನಿಟರ್ ಕೂಡಿಸಿದ ನಾಲ್ಕು ತಿಂಗಳ ಒಳಗೇ.

"ಅಲ್ಲಿಂದ ನಟ್ಟಗ ಹುಲಗೂರಿಗೆ ಹೋದ್ನಿರಿ. ಆಕಿ ಗಂಡನ ಮನಿ ಮಂದಿ ಎಲ್ಲಾ ಕುಂತಿದ್ರು. ಅವರ ಮುಂದ ಬಾಯಿಗೆ ಬಂದಂಗ ಅಂದೆ. ಹೊಲಾ ಪೂರಾ ನೀನ ತಿನ್ನು, ತವರಮನಿ ಬಾಗಲಾ ಇವತ್ತಿಗೆ ಮುಚ್ಚಿತು ಅಂದೆ. ಆಕಿ ಒಂದ ಮಾತ ಆಡಲಿಲ್ಲ. ತಪ್ಪ ಮಾಡಿದಾಕಿ, ಏನ ಆಡ್ತಾಳ?"

ಅರ್ಜಿಯನ್ನು ಅಲ್ಲಿಗೇ ಬಿಟ್ಟರು. ತಮ್ಮ ಹೇಳಿಕೆ ಕೊಡಲು ಕಚೇರಿಗೆ ಹೋಗಲಿಲ್ಲ, ಹೊಲ ಅಪ್ಪನ ಹೆಸರಿನಲ್ಲೇ ಉಳಿಯಿತು. ಒಂಬತ್ತು ನಾಗರ ಪಂಚಮಿಗೆ ತಂಗಿಯನ್ನು ತವರಿಗೆ ಕರೆಯಲು ಹೋಗಲಿಲ್ಲ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಂಚಮಿಗೆ ಅಣ್ಣ ಕರೆಯಲು ಬಾರದ ಹೆಣ್ಣುಮಗಳು ಓಣಿಯಲ್ಲಿ ತಲೆ ಎತ್ತಿ ನಡೆಯುವುದು ಕಷ್ಟ.

ಫಕ್ಕೀರಪ್ಪನವರ ಮುಖದಲ್ಲಿ ಅವತ್ತು ಸಮಾಧಾನ ಇತ್ತು. "ಈ ಪಂಚಮಿಗೆ ಹೋಗ್ತೇನ್ರಿ. ತಪ್ಪು ಹೊಟ್ಯಾಗ ಹಾಕ್ಕೊಂಡು ಕರಕೊಂಡ ಬರ್ತೇನಿ" ಎಂದರು. ನಾನು ಬಾಯಿ ತೆರೆದೆ. ಚಹಾ ಕುಡಿದೆ. ಹೇಳಲಿಲ್ಲ. ಹೇಗಿದ್ದರೂ ಅಣ್ಣತಂಗಿ ಒಂದಾಗುತ್ತಾರಲ್ಲ, ಹಳೆಯದನ್ನು ಯಾಕೆ ಕೆದಕಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಬೇರೆ ಇತ್ತು. ಚೀಟಿಯ ಮೇಲೆ ನನ್ನ ಸಹಿ ಇತ್ತು. ನಿವೃತ್ತಿ ಹತ್ತಿರವಿತ್ತು. ಹೆದರಿದೆ.

ಪಂಚಮಿ ಕಳೆದು ಒಂದು ತಿಂಗಳ ಮೇಲೆ ಅವರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ಹತ್ತು ವರ್ಷ ವಯಸ್ಸಾದವರ ಹಾಗೆ ಕಂಡರು. ಸೀರೆ, ಪಂಚಮಿಯ ಸಿಹಿ ಉಂಡಿ ತೆಗೆದುಕೊಂಡು ಹುಲಗೂರಿಗೆ ಹೋಗಿದ್ದರಂತೆ. "ನಿನ್ನ ತಪ್ಪು ಮರತೇನಿ, ನಡಿ" ಎಂದಿದ್ದರಂತೆ. ಶಾಂತವ್ವ ಉಂಡಿಯ ಡಬ್ಬಿಯನ್ನು ಹೊಸ್ತಿಲ ಹೊರಗೆ ಇಟ್ಟು ಬಾಗಿಲು ಹಾಕಿಕೊಂಡಳಂತೆ.

"ಎಂಥಾ ಸೊಕ್ಕು ನೋಡ್ರಿ. ತಪ್ಪೂ ಆಕೀದ, ಮ್ಯಾಲ ಸಿಟ್ಟೂ ಆಕೀದ. ಇನ್ನ ಮುಗೀತು. ಆಕಿ ಸತ್ರೂ ಹೋಗೂದಿಲ್ಲ, ನಾ ಸತ್ರೂ ಬರೂದ ಬ್ಯಾಡ."

ಮೊದಲಿನ ತಪ್ಪು ಮಾನಿಟರಿನದು ಎಂದಾದರೂ ಹೇಳಬಹುದಿತ್ತು. ಇದು ಪೂರ್ತಿ ನನ್ನ ಬಾಯಿಯದು. ಮಾಡದ ತಪ್ಪಿಗೆ ಕ್ಷಮೆ ಹೊತ್ತು ತಂದವರನ್ನು ಯಾರು ಒಳಗೆ ಕರೆಯುತ್ತಾರೆ? ಅವತ್ತೂ ಹೇಳಲಿಲ್ಲ. ಬಸ್ಸು ಬಂತು, ಹತ್ತಿದೆ.

ನಿವೃತ್ತಿಯ ದಿನ ಶಾಲು ಹೊದಿಸಿದರು. ಕುಲಕರ್ಣಿ ಸಾಹೇಬರು, "ನಮ್ಮ ಆಚಾರ್ರದ ಒಂದೂ ಕಾಲ್ ಪೆಂಡಿಂಗ್ ಇಲ್ಲ" ಎಂದು ಭಾಷಣ ಮಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಆ ಶಾಲು ಮೈಮೇಲೆ ಸುಡುವ ಹಾಗಾಯಿತು. ಮನೆಗೆ ಬಂದು ಊಟ ಬೇಡ ಎಂದೆ. ಹೆಂಡತಿ ಕೇಳಿದಳು. ಅಂದು ಮೊದಲ ಸಲ ಒಬ್ಬರ ಮುಂದೆ ಎಲ್ಲ ಹೇಳಿದೆ. ಆಕೆ ಕೇಳಿಸಿಕೊಂಡು, "ಕಂಪನಿ ಸ್ಕ್ರೂಡ್ರೈವರ್ ಸೈತ ಎಣಿಸಿ ವಾಪಸ್ ಕೊಟ್ಟು ಬಂದ್ರಿ. ಅವರ ಮಾತೊಂದು ನಿಮ್ಮ ಹತ್ರ ಅದ. ಅದನ್ನೂ ಕೊಟ್ಟು ಬರ್ರಿ" ಎಂದಳು.

ಆದರೂ ಕೆಲ ತಿಂಗಳು ಕಳೆದೆ. ಮತ್ತೊಂದು ಶ್ರಾವಣ ಬಂತು. ಪಂಚಮಿಗೆ ಮೂರು ದಿನ ಇರುವಾಗ ಹುಲಗೂರಿಗೆ ಹೋದೆ. ದರ್ಗಾದ ಹತ್ತಿರ ಇಳಿದು ಕೇಳಿದರೆ ಮನೆ ತೋರಿಸಿದರು. ಶಾಂತವ್ವ ಒಲೆಯ ಮುಂದೆ ಶೇಂಗಾ ಹುರಿಯುತ್ತಿದ್ದರು. ಐವತ್ತು ದಾಟಿದ ಹೆಣ್ಣುಮಗಳು, ಅಣ್ಣನದೇ ಮೂಗು. ಕಂಪ್ಯೂಟರ್ ರಿಪೇರಿಯವನು ಎಂದೆ. "ನಮ್ಮಲ್ಲಿ ಕಂಪ್ಯೂಟರ್ ಇಲ್ಲಲ್ರಿ?" ಎಂದರು. ನಿಮ್ಮ ಹೊಲದ ಮಾತು ಎಂದೆ. ಮುಖ ಬಿಗಿಯಾಯಿತು. ಆದರೂ ಮನೆಗೆ ಬಂದವನೆಂದು, "ಕುಂದರ್ರಿ" ಎಂದು ಚಾಪೆ ಹಾಸಿದರು.

ಓದು ಬರುತ್ತದೆಯೇ ಎಂದು ಕೇಳಿದೆ. "ಸಾಲ್ಯಾಗ ನಾಕನೆತ್ತ ಕಲ್ತೇನ್ರಿ" ಎಂದರು. ಕಿಸೆಯಿಂದ ಕಾಗದ ತೆಗೆದು ಅಂಚಿಗೆ ಮುಟ್ಟುವ ಹಾಗೆ "ತಕರಾರು ಇಲ್ಲ" ಎಂದು ಬರೆದೆ. "ನೀವು ಹೇಳಿಕಿ ಕೊಟ್ಟದ್ದು ಇದು. ಹೌದಲ್ರಿ?" ಎಂದೆ. ಹೌದೆಂದು ತಲೆಯಾಡಿಸಿದರು. "ನಿಮ್ಮ ಅಣ್ಣ ಕೇಳಾಕ ಹೋದ ದಿನ ಪರದಿ ಮ್ಯಾಲ ಕಂಡದ್ದು ಇಷ್ಟು" ಎಂದು ಅಂಚಿನ ಮೇಲೆ ಎರಡು ಬೆರಳು ಇಟ್ಟೆ. "ಆ ಕೆಟ್ಟ ಮಾನಿಟರ್ ಕೂಡಿಸಿದಾಂವ ನಾನು. ಗೊತ್ತಿದ್ದೂ ಕೂಡಿಸಿದೆ. ಆಮ್ಯಾಲ ಗೊತ್ತಾದ ಮ್ಯಾಲೂ ಎರಡು ವರ್ಷ ಬಾಯಿ ಮುಚ್ಚಿಕೊಂಡೆ."

ಅವರು ಕಾಗದವನ್ನೇ ನೋಡುತ್ತಿದ್ದರು. ಬಾಣಲೆಯಲ್ಲಿ ಶೇಂಗಾ ಸೀದ ವಾಸನೆ ಬಂತು. ಇಳಿಸಲು ಏಳಲಿಲ್ಲ.

"ಎರಡ ಬಟ್ಟು" ಎಂದರು ಕೊನೆಗೆ. "ಇಷ್ಟಕ್ಕ ಹನ್ನೊಂದು ಪಂಚಮಿ ಹೋದುವೇನ್ರಿ?"

ಸೆರಗಿನಿಂದ ಕಣ್ಣು ಒರೆಸಿಕೊಂಡರು. ನನ್ನನ್ನು ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. ನನಗೆ ತಡೆಯಲಾಗದೆ ಕೇಳಿದೆ: "ಅವತ್ತ ಅಣ್ಣ ಬಂದು ಚೀರಾಡಿದಾಗ, ನಾ ಹಾಕಿಲ್ಲ ಅಂತ ಒಂದ ಮಾತು ನೀವು ಅನ್ನಬಹುದಿತ್ತಲ್ರಿ?"

"ಅಂವಾ ಕೇಳಾಕ ಬಂದಿದ್ದಿಲ್ರಿ" ಎಂದರು ಶಾಂತವ್ವ. "ಹೇಳಾಕ ಬಂದಿದ್ದ. ಆಮ್ಯಾಲೂ ಕೇಳಾಕ ಬರಲಿಲ್ಲ, ಮಾಫಿ ಮಾಡಾಕ ಬಂದ. ಕೇಳಿದ್ರ ಹೇಳ್ತಿದ್ದೆ."

ಮರುದಿನ ಬೆಳಿಗ್ಗೆ ಅದೇ ಕಾಗದ ಹಿಡಿದು ಫಕ್ಕೀರಪ್ಪನವರ ಮನೆಗೆ ಹೋದೆ. ಕಟ್ಟೆಯ ಮೇಲೆ ಕೂತಿದ್ದರು. ಎಲ್ಲ ಹೇಳಿ ಬೆರಳು ಇಟ್ಟು ತೋರಿಸಿದೆ. ಅವರು ನನ್ನ ಕೈ ಸರಿಸಿ ಓದಿದರು. ಆಮೇಲೆ ತಮ್ಮದೇ ಎರಡು ಬೆರಳು ಇಟ್ಟು ಓದಿದರು. ಮತ್ತೆ ತೆಗೆದರು. ಎದ್ದು ನಿಂತು ನನ್ನ ಕೊರಳಪಟ್ಟಿಗೆ ಕೈ ಹಾಕುತ್ತಾರೆ ಅನ್ನಿಸಿತು, ಹಾಕಿದ್ದರೆ ನ್ಯಾಯವೇ ಆಗುತ್ತಿತ್ತು. ಅವರು ಕಂಬ ಹಿಡಿದು ನಿಂತರು.

"ನಿಮ್ಮನ್ನ ಬೈಬೇಕು ಅನಸ್ತೈತ್ರಿ. ಆದ್ರ ನಾ ಏನ ಮಾಡ್ದೆ? ಕಂಪ್ಯೂಟರ್ ಹೇಳಿದ್ದು ನಂಬಿದೆ. ಒಂದ ಹೊಟ್ಯಾಗ ಹುಟ್ಟಿದಾಕೀನ್ನ ಒಂದ ಮಾತು ಕೇಳಲಿಲ್ಲ."

ಆಮೇಲೆ, "ಆಕಿ ಏನಂದ್ಲು?" ಎಂದರು. ಶಾಂತವ್ವ ಅಂದದ್ದನ್ನು ಒಂದು ಅಕ್ಷರ ನುಂಗದೆ ಹೇಳಿದೆ.

ಪಂಚಮಿಯ ಮುಂಚಿನ ದಿನ ಇಬ್ಬರೂ ಬಸ್ಸಿನಲ್ಲಿ ಹುಲಗೂರಿಗೆ ಹೋದೆವು. ಅವರ ಕೈಯಲ್ಲಿ ಸೀರೆ ಇರಲಿಲ್ಲ, ಉಂಡಿಯೂ ಇರಲಿಲ್ಲ. "ಏನೂ ಒಯ್ಯೂದ ಬ್ಯಾಡ್ರಿ ಈ ಸಲ" ಎಂದಿದ್ದರು. ಶಾಂತವ್ವ ಬಾಗಿಲಲ್ಲೇ ಇದ್ದರು. ನಮ್ಮನ್ನು ಕಂಡು ಒಳಗೆ ಹೋಗಲಿಲ್ಲ, ಬರ್ರಿ ಎನ್ನಲೂ ಇಲ್ಲ. ಫಕ್ಕೀರಪ್ಪ ಹೊಸ್ತಿಲ ಹೊರಗೇ ನಿಂತರು. ಓಣಿಯ ಕಟ್ಟೆಗಳ ಮೇಲೆ ನಾಲ್ಕಾರು ಮಂದಿ ನೋಡುತ್ತಿದ್ದರು. ಹಿಂದೆ ಅವರು ಬೈದದ್ದೂ ಮಂದಿಯ ಮುಂದೆಯೇ.

"ಶಾಂತವ್ವಾ" ಎಂದರು. "ಅವತ್ತ ಕೇಳಬೇಕಾಗಿತ್ತು. ಇವತ್ತ ಕೇಳತೇನಿ. ನೀ ತಕರಾರು ಹಾಕಿದ್ದೇನವಾ?"

ಆಕೆ ಅಣ್ಣನ ಮುಖ ನೋಡಿದರು.

"ಇಲ್ಲೋ ಅಣ್ಣಾ" ಎಂದರು. "ಇಲ್ಲ."

ಫಕ್ಕೀರಪ್ಪ ಚಪ್ಪಲಿ ಬಿಟ್ಟು ಹೊಸ್ತಿಲು ದಾಟಿದರು.